ಎಡಗಣ್ಣು ಮುಚ್ಚಿ ನೋಡುತ್ತಿದ್ದ ಕ್ರಾಂತಿ

ಭೀಮೇಶ್ ಕ್ರಾಂತಿಯನ್ನು ಮೊದಲು ನೋಡಿದ್ದು ತರಗತಿಯಲ್ಲಲ್ಲ, ಶಾಲೆಯ ನಲ್ಲಿಕಟ್ಟೆಯ ಹಿಂದೆ. ಜೂನ್ ತಿಂಗಳ ಒಂದು ಬೆಳಿಗ್ಗೆ. ಚಿಗಟೇರಿಯ ತನ್ನ ಮನೆಯಿಂದ ಮೊದಲ ಬಸ್ಸಿಗೆ ಹೊರಟು, ಹರಪನಹಳ್ಳಿಯಲ್ಲಿ ಇಳಿದು ಹಡಗಲಿ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೋದಲ್ಲಿ ಹಿರೇಹಡಗಲಿ ಕಡೆಯ ಆ ಹಳ್ಳಿಗೆ ಬಂದಿಳಿದಾಗ ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು. ಕೊಠಡಿಗಳಿಗೆಲ್ಲ ಬೀಗ. ಹೊಸ ಕೆಲಸಕ್ಕೆಂದು ಇಸ್ತ್ರಿ ಮಾಡಿಸಿದ್ದ ಬಿಳಿ ಅಂಗಿ ಬಸ್ಸಿನ ನೂಕುನುಗ್ಗಲಿನಲ್ಲೇ ಮುದುಡಿ ಹೋಗಿತ್ತು. ಮುಖಕ್ಕೆ ನೀರಾದರೂ ಹಾಕಿಕೊಳ್ಳೋಣ ಎಂದು ನಲ್ಲಿಯ ಕಡೆ ನಡೆದರೆ, ಕಟ್ಟೆಯ ಹಿಂದೆ ಒಬ್ಬ ಹುಡುಗಿ ಕುಕ್ಕರಗಾಲಿನಲ್ಲಿ ಕುಳಿತು ಹಳೆಯ ಟಾರ್ಚಿನ ಸೆಲ್ಲೊಂದನ್ನು ಕಲ್ಲಿನಿಂದ ಜಜ್ಜುತ್ತಿದ್ದಳು.

ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಬಣ್ಣ ಮಾಸಿದ ಸಮವಸ್ತ್ರ. ಬೆರಳ ತುದಿಗಳು ಹಸಿರುಗಟ್ಟಿದ್ದವು, ಈಗ ಅವುಗಳ ಮೇಲೆ ಸೆಲ್ಲಿನೊಳಗಿನ ಕರಿಪುಡಿಯೂ ಮೆತ್ತಿತ್ತು. ಹತ್ತಿರ ಹೋದರೆ ಮಲ್ಲಿಗೆಯ ವಾಸನೆ. ಮುಡಿದ ಹೂವಿನದಲ್ಲ, ಮೊಗ್ಗು ಬಿಡಿಸಿ ಬಿಡಿಸಿ ಬಟ್ಟೆಗೇ ಅಂಟಿಕೊಂಡದ್ದು. ಅವಳು ಸೆಲ್ಲಿನೊಳಗಿಂದ ಒಂದು ಕಪ್ಪು ಕಡ್ಡಿ ಎಳೆದು ತೆಗೆದಳು. ಲಂಗಕ್ಕೆ ಒರೆಸಿ ಬೆಳಕಿಗೆ ಹಿಡಿದು, ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿ, ಬಲಗಣ್ಣಿನ ತೀರ ಹತ್ತಿರಕ್ಕೆ ತಂದು ನೋಡಿದಳು. ಅಕ್ಕಸಾಲಿಗರು ಹರಳು ನೋಡುವ ಹಾಗೆ. ಹಿಂದೆ ನೆರಳು ಬಿದ್ದದ್ದು ಕಂಡು ತಿರುಗಿದಳೇ ಹೊರತು ಏಳಲಿಲ್ಲ.

"ನೀವ ಏನ್ರಿ ಹೊಸಾ ಗೆಸ್ಟ್ ಸರ್?"

"ಹೌದವ್ವ. ಹೆಂಗ ಗೊತ್ತಾತು?"

"ಕಾಯಂ ಸರ್ ಇಷ್ಟು ಲಗೂನ ಬರಂಗಿಲ್ರಿ." ನಂತರ ಕಡ್ಡಿ ಮುಂದೆ ಚಾಚಿದಳು. "ಸರ್, ಇದ್ರಾಗಿಂದನ ಕರೆಂಟು ಬರತೈತಂತ. ಖರೇನ್ರಿ? ನಂಗೇನೂ ಕಾಣವಲ್ದು."

ಭೀಮೇಶ್ ಇಸ್ತ್ರಿ ಅಂಗಿಯನ್ನು ಮರೆತು ಅವಳ ಪಕ್ಕ ಕುಳಿತ. ಕರೆಂಟು ಕಡ್ಡಿಯಲ್ಲಿ ಕೂತಿರುವುದಿಲ್ಲ, ಸುತ್ತಲಿನ ಪುಡಿ, ಹೊರಗಿನ ತಗಡು, ಎಲ್ಲ ಸೇರಿ ಅದನ್ನು ಹುಟ್ಟಿಸುತ್ತವೆ ಎಂದು ನೆಲದ ಮೇಲೆ ಗೀಚಿ ತೋರಿಸಿದ. ಅವಳು ಕೇಳಿಸಿಕೊಂಡು, "ಹಂಗಾರ ಎಲ್ಲಾರೂ ಕೂಡಿದ್ರನ ಬರತೈತಿ," ಎಂದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಓಡುತ್ತ ತಿರುಗಿ ಕೂಗಿದಳು: "ಸರ್, ಹೋದ ವರ್ಷದ ಗೆಸ್ಟ್ ಸರ್ ದಸರಾಕ್ಕ ಬಿಟ್ಟು ಹೋದ್ರು. ನೀವು ಎಲ್ಲೀತನಕ ಇರ್ತೀರಿ?"

ಅತಿಥಿ ಶಿಕ್ಷಕ ಎಂದರೆ ಹೆಸರಿಗೆ ತಕ್ಕ ಹಾಗೆ ಅತಿಥಿಯೇ. ಇರು ಎಂದಷ್ಟು ದಿನ ಇರಬೇಕು. ಭೀಮೇಶನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ ಮೊದಲು. ಬಿಎಸ್ಸಿ, ಬಿಎಡ್ ಮುಗಿಸುವತನಕ ಪ್ರಯೋಗ ಅಂದರೆ ಹೆದರಿಕೆ. ಗಾಜು ಒಡೆದೀತು, ಬೈದಾರು ಎಂದು ಹಿಂದಿನ ಸಾಲಿನಲ್ಲಿ ನಿಂತೇ ಕಾಲ ಕಳೆದಿದ್ದ. ತನ್ನ ಮಕ್ಕಳು ಹಾಗೆ ನಿಲ್ಲಬಾರದು ಎಂಬ ಒಂದು ಹಟ ಮಾತ್ರ ಅವನ ಜೊತೆಗೆ ಆ ಹಳ್ಳಿಗೆ ಬಂದಿತ್ತು.

ಶಾಲೆಯಲ್ಲಿ ವಿಜ್ಞಾನದ ಸಾಮಾನಿನ ಬೀರು ಇತ್ತು. ಅದರ ಕೀಲಿ ಮುಖ್ಯ ಶಿಕ್ಷಕ ಪ್ರವೀಣಕುಮಾರರ ಜೇಬಿನಲ್ಲಿತ್ತು. ಒಡೆದರೆ ಯಾರು ಉತ್ತರ ಹೇಳಬೇಕು ಎಂಬುದು ಅವರ ಮಾತು. ಹೀಗಾಗಿ ಭೀಮೇಶ್ ಹರಪನಹಳ್ಳಿ ಸಂತೆಯಿಂದಲೇ ಪ್ರಯೋಗಶಾಲೆಯನ್ನು ಹೊತ್ತು ತರತೊಡಗಿದ. ಅರಿಶಿನ ಹಚ್ಚಿದ ಕಾಗದಕ್ಕೆ ಸೋಪಿನ ನೀರು ತಾಗಿಸಿದರೆ ಕೆಂಪಾಯಿತು. ನಾಲ್ಕೈದು ನಿಂಬೆಹಣ್ಣಿಗೆ ತಾಮ್ರದ ತಂತಿ, ಸತುವಿನ ಮೊಳೆ ಚುಚ್ಚಿ ಸಣ್ಣ ಎಲ್‌ಇಡಿ ಬಲ್ಬು ಮಿಣುಕಿಸಿದ್ದಾಯಿತು. ಅರಿಶಿನದ ಕಾಗದ ಕೈಗೆ ಸಿಕ್ಕ ಮೇಲೆ ಕ್ರಾಂತಿಯನ್ನು ಹಿಡಿಯುವವರಿಲ್ಲ. ಬೂದಿ, ಮಜ್ಜಿಗೆ, ಹುಣಸೆಹಣ್ಣು, ಕೊನೆಗೆ ಪಕ್ಕದ ಸಾಲಿನ ದುರುಗೇಶನ ಬೆವರು.

"ಲೇ ದುರುಗ್ಯಾ, ನಿನ್ನ ಬೆವರಿಗೆ ಕಾಗದ ಬದಲಾಗವಲ್ದಲೇ. ನೀ ಏನೂ ಕೆಲಸ ಮಾಡಿಲ್ಲ ಅಂತ ಅದಕ್ಕೂ ಗೊತ್ತಾಗೈತಿ."

"ನಿನ್ನ ನಾಲಗಿಗೆ ಹಚ್ಚು, ಸುಟ್ಟ ಹೋಗತೈತಿ," ಎಂದ ದುರುಗೇಶ. ತರಗತಿ ನಕ್ಕಿತು.

ಆದರೆ ಮೊದಲ ಅವಧಿಯಲ್ಲಿ ಅವಳು ತೂಕಡಿಸುತ್ತಿದ್ದಳು. ಒಂದು ಸಂಜೆ ಭೀಮೇಶ್ ಅವಳ ಮನೆಗೆ ಹೋದ. ತಾಯಿ ಮಂಜಮ್ಮ ಬೇರೆಯವರ ಮಲ್ಲಿಗೆ ತೋಟದಲ್ಲಿ ಮೊಗ್ಗು ಬಿಡಿಸುವವಳು. ಬೆಳಕು ಹರಿಯುವ ಮೊದಲೇ ಮಗಳನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಗಂಡ ಭೀಮರಾಜನ ಫೋಟೊ. ಮಗಳಿಗೆ ಕ್ರಾಂತಿ ಎಂದು ಹೆಸರಿಟ್ಟವನು ಅವನೇ. ಅವಳು ಇನ್ನೂ ಅಂಬೆಗಾಲಿಡುವಾಗ ಜ್ವರ ಬಂದು ತೀರಿಹೋದ.

"ಈಕಿ ರಕ್ತ ಪರೀಕ್ಷೆ ಮಾಡೋ ನೌಕರಿ ಮಾಡ್ತಾಳಂತ್ರಿ," ಎಂದಳು ಮಂಜಮ್ಮ, ನಗಬೇಕೋ ಬೇಡವೋ ತಿಳಿಯದೆ. "ಅದಕ್ಕ ಸೈನ್ಸ್ ಓದಬೇಕಂತ. ನಮ್ಮ ಕೇರಿಯಾಗ ಯಾರೂ ಓದಿಲ್ಲ. ಖರೇನ ಆಗತೈತೇನ್ರಿ ಸರ್?"

"ಆಗತೈತ್ರಿ ಅಮ್ಮ. ಹತ್ತನೇ ಕ್ಲಾಸ್ ಮುಗೀಲಿ, ಹಡಗಲಿಯಾಗ ಸೈನ್ಸಿಗೆ ನಾನ ಸೇರಿಸ್ತೀನಿ. ಬೆಳಗಿನ ಹೂವಿಗೆ ಮಾತ್ರ ಕರಕೊಂಡು ಹೋಗಬ್ಯಾಡ್ರಿ."

ಮಂಜಮ್ಮ ಗೋಡೆಯ ಮೇಲಿನ ಗಂಡನ ಫೋಟೊ ಕಡೆ ನೋಡಿದಳು. "ಆತು. ನಾ ಒಬ್ಬಾಕಿನ ಹೋಗ್ತೀನಿ. ನಿಮ್ಮ ಕೈಯಾಗ ಕೊಟ್ಟೀನಿ ಸರ್, ಜ್ವಾಕಿ." ಬಾಗಿಲ ಹಿಂದೆ ನಿಂತಿದ್ದ ಕ್ರಾಂತಿ ಎಲ್ಲ ಕೇಳಿಸಿಕೊಂಡಳು. ಮರುದಿನ ಮೊದಲ ಅವಧಿಯಲ್ಲಿ ಕಣ್ಣು ಪಿಳುಕಿಸದೆ ಕುಳಿತಿದ್ದಳು.

ಆಮೇಲೆ ಬಂತು ಸುಣ್ಣದ ಪಾಠ. ರಾಸಾಯನಿಕ ಕ್ರಿಯೆಯಲ್ಲಿ ಶಾಖ ಹುಟ್ಟುವುದನ್ನು ತೋರಿಸಬೇಕು. ಭೀಮೇಶ್ ಸಂತೆಯಲ್ಲಿ ಗೋಡೆಗೆ ಬಳಿಯಲು ಮಾರುವ ಸುಣ್ಣದ ಹರಳು ತಂದ. ಸ್ಟೀಲ್ ಚೊಂಬಿನಲ್ಲಿ ಹುಣಸೆಬೀಜದಷ್ಟು ಚೂರು ಹಾಕಿ, ದೂರದಿಂದ ನೀರು ಬಿಟ್ಟ. ಬುಸ್ ಎಂದು ಕುದಿಯಿತು. ಚೊಂಬಿನ ಹೊರಮೈ ಮುಟ್ಟಿದ ಮಕ್ಕಳು ಕೈ ಹಿಂದಕ್ಕೆಳೆದುಕೊಂಡು ಕೇಕೆ ಹಾಕಿದರು. ಅವನಿಗೆ ಒಳಗೊಳಗೇ ಹೆದರಿಕೆ ಇದ್ದೇ ಇತ್ತು. ಅದಕ್ಕೇ ಒತ್ತಿ ಒತ್ತಿ ಹೇಳಿದ.

"ಸುಣ್ಣದ ಹರಳಿಗೆ ನೀರು ಸೋಕಿದ್ರ ಏನಾಗತೈತಿ?"

"ಕುದಿತೈತ್ರೀ!"

"ಕೈಗೆ ಪುಡಿ ಹತ್ತಿದ್ರ?"

"ಒಣಾ ಬಟ್ಟೀಲೆ ಒರಸಬೇಕ್ರೀ!"

"ನೀರು?"

"ಹಾಕಬಾರದ್ರೀ!"

ತರಗತಿಯ ಗೋಡೆ ನಡುಗುವ ಹಾಗೆ ಹೇಳಿದರು. ಎಲ್ಲರಿಗಿಂತ ಜೋರಾಗಿ ಹೇಳಿದವಳು ಕ್ರಾಂತಿ. ಒಣ ಬಟ್ಟೆಯಲ್ಲಿ ಕೊಡವಿದ ಮೇಲೆ ಧಾರಾಳ ನೀರಿನಿಂದ ತೊಳೆಯಬೇಕು, ಕಣ್ಣಿಗೆ ಬಿದ್ದರಂತೂ ಒಂದು ಗಳಿಗೆ ತಡಮಾಡದೆ ನೀರೇ ಹಾಕಬೇಕು ಎಂಬುದನ್ನು ಅವನು ಹೇಳಲಿಲ್ಲ. ಗಂಟೆ ಬಾರಿಸಿತ್ತು. ಮುಂದಿನ ತರಗತಿಯಲ್ಲಿ ಹೇಳಿದರಾಯಿತು ಎಂದುಕೊಂಡ.

ಮುಂದಿನ ತರಗತಿಗೂ ಮೊದಲೇ ಶನಿವಾರ ಬಂತು. ಪುಸ್ತಕದ ಚೀಲವಿಲ್ಲದೆ, ಬರೀ ಚಟುವಟಿಕೆಗೆಂದು ಮಕ್ಕಳು ಬರುವ ಶನಿವಾರ. ಅಂಥ ದಿನಗಳಲ್ಲಿ ಚಟುವಟಿಕೆ ನಡೆದರೆ ಸಾಲದು, ಊರು, ತಾರೀಖು, ವೇಳೆ ಎಲ್ಲ ಮೂಡುವಂಥ ಫೋಟೊ ತೆಗೆದು ಮೇಲಿನವರ ವಾಟ್ಸಾಪ್ ಗುಂಪಿಗೆ ಹಾಕಬೇಕು. ಬೇರೆ ಶಾಲೆಗಳ ಫೋಟೊ ಆಗಲೇ ಬಂದಿದ್ದವು. ಪ್ರವೀಣಕುಮಾರ್ ಫೋನು ಹಿಡಿದುಕೊಂಡೇ ಅಂಗಳಕ್ಕೆ ಬಂದರು.

"ರೀ ಭೀಮೇಶ್, ಆ ಸುಣ್ಣದ್ದ ಮಾಡ್ರಿ. ಮಕ್ಳು ಎರಡು ದಿನದಿಂದ ಅದನ್ನ ಹೇಳಾಕತ್ಯಾವು."

ಭೀಮೇಶ್ ಚೊಂಬು ತಂದ.

"ಚೊಂಬಿನಾಗ ಏನು ಕಾಣತೈತ್ರಿ? ಫೋಟೊದಾಗ ಬರೇ ಚೊಂಬು ಬರ್ತೈತಿ. ಗಾಜಿಂದು ಬೇಕು." ಅವರೇ ಜೇಬಿನಿಂದ ಕೀಲಿ ತೆಗೆದರು. ಅಷ್ಟು ವರ್ಷ ತೆರೆಯದ ಬೀರು ಅಂದು ತೆರೆಯಿತು. ಸುತ್ತಿದ ಕಾಗದವನ್ನೂ ಬಿಚ್ಚಿರದ ದೊಡ್ಡ ಬೀಕರ್ ಒಂದು ಮೇಜಿನ ಮೇಲೆ ಬಂತು. ಮಕ್ಕಳು ಅದನ್ನೇ ಬಾಯಿಬಿಟ್ಟು ನೋಡಿದರು.

ಭೀಮೇಶ್ ಸಣ್ಣ ಚೂರು ಹಾಕಿದ. ಸಣ್ಣಗೆ ಕುದಿದು ನಿಂತಿತು.

"ಹೊಗಿನ ಕಾಣವಲ್ದಲ್ರಿ. ದೊಡ್ಡ ಹರಳು ಹಾಕ್ರಿ."

"ಸರ್, ಜಾಸ್ತಿ ಹಾಕಿದ್ರ ಸಿಡಿತೈತ್ರಿ."

"ನಮ್ಮ ಮನಿ ಗ್ವಾಡಿಗೆ ಡ್ರಮ್ಮಗಟ್ಟಲೆ ಸುಣ್ಣ ಕುದಿಸೀವ್ರಿ ನಾವು. ನಿಮ್ಮ ಬಿಎಸ್ಸಿ ನಮಗ ಕಲಿಸಬ್ಯಾಡ್ರಿ." ಫೋನನ್ನು ಭೀಮೇಶನ ಕೈಗಿಟ್ಟರು. "ನಾ ನೀರು ಹಾಕ್ತೀನಿ, ನೀವು ತಗೀರಿ. ಏ, ಮಕ್ಳ ಮಾರಿ ಎಲ್ಲಿ ಅದಾವು? ಸನೇಕ ಬರ್ರೆಪಾ. ಮಾರಿಯಾಗ ಕುತೂಹಲ ಇರ್ಬೇಕು. ಏ ಕ್ರಾಂತಿ, ನೀ ನೋಡ್ತಿಯಲ್ಲ, ಒಂದು ಕಣ್ಣು ಮುಚ್ಚಿಗೆಂಡು, ಹಂಗ ನೋಡು. ಚೊಲೋ ಬರತೈತಿ."

ಮುಷ್ಟಿಗಾತ್ರದ ಹರಳು ಬೀಕರಿನ ತಳದಲ್ಲಿ ಕುಳಿತಿತ್ತು. ಪ್ರವೀಣಕುಮಾರ್ ನೀರು ಹಾಕಿದರು. ಏನೂ ಆಗಲಿಲ್ಲ. ಗಟ್ಟಿಯಾಗಿ ಸುಟ್ಟ ಸುಣ್ಣ ಹಾಗೆಯೇ, ಮೊದಲು ಕಲ್ಲಿನಂತೆ ಸುಮ್ಮನಿರುತ್ತದೆ. "ಇದು ಸತ್ತ ಸುಣ್ಣರಿ," ಎಂದ ದುರುಗೇಶ. ಇನ್ನಷ್ಟು ನೀರು ಬಿತ್ತು. ಕ್ರಾಂತಿ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಬೀಕರಿನ ಬಾಯಿಗೆ ತಂದು, "ಸರ್, ಬಿರುಕು ಬಿಡಾಕತ್ತೈತಿ," ಎಂದಳು. ಫೋನಿನ ಪರದೆಯಲ್ಲಿ ಅವಳ ಮುಖ ತುಂಬಿಕೊಂಡಿತ್ತು. ನಿಜಕ್ಕೂ ಚೆನ್ನಾಗಿ ಬಂದಿತ್ತು. ಭೀಮೇಶ್ ಒತ್ತಿದ.

ಹರಳು ಸಿಡಿಯಿತು.

ಕ್ರಾಂತಿ ಎರಡೂ ಕೈ ಮುಖಕ್ಕೆ ಒತ್ತಿ ನೆಲಕ್ಕೆ ಕುಳಿತಳು. ಆಮೇಲೆ ಬಂದ ಕೂಗಿಗೆ ಶಾಲೆಯ ಅಡುಗೆಮನೆಯಿಂದ ಬಿಸಿಯೂಟ ಮಾಡುವ ಕೆಂಚಕ್ಕ ಓಡಿಬಂದಳು. ಭೀಮೇಶ್ "ನೀರು! ನೀರು ತರ್ರಿ!" ಎಂದು ಅರಚಿದ. ದುರುಗೇಶ್ ಮಗ್ಗು ತುಂಬಿ ತಂದ. ಆದರೆ ನೀರಿನ ಸದ್ದು ಕೇಳಿದ್ದೇ ತಡ ಕ್ರಾಂತಿ ಕಾಲು ಝಾಡಿಸಿದಳು.

"ಬ್ಯಾಡ ಸರ್! ನೀರು ಬ್ಯಾಡ್ರಿ! ಕುದಿತೈತಿ, ಒಳಗ ಕುದಿತೈತಿ!"

"ಒಣಾ ಬಟ್ಟಿ ಕೊಡ್ರಲೇ!" ಎಂದು ಮಕ್ಕಳು ಒಬ್ಬರ ಮೇಲೊಬ್ಬರು ಕೂಗಿದರು. ಪಾಠ ಅವರಿಗೆ ಅಷ್ಟು ಚೆನ್ನಾಗಿ ಬಂದಿತ್ತು. ಯಾರೋ ಒಬ್ಬಳು ವೇಲಿನಿಂದ ಅವಳ ಕಣ್ಣು ತಿಕ್ಕಿದಳು. ಇನ್ನೊಬ್ಬ ದುರುಗೇಶನ ಕೈಯಿಂದ ಮಗ್ಗು ಕಸಿದು ದೂರ ಎಸೆದ: "ಲೇ, ಕಣ್ಣು ಬೇಯತೈತಲೇ, ನಿನಗ ಸರ್ ಹೇಳಿದ್ದು ನೆನಪಿಲ್ಲೇನು?"

ಆಗ ಭೀಮೇಶ್ ಅವಳ ಕೈ ಬಿಡಿಸಿ, ಹಿಡಿದು ಮಲಗಿಸಿ, ನಲ್ಲಿಯ ಕೆಳಗೆ ಒಯ್ಯಬೇಕಿತ್ತು. ಅವನಿಗೆ ಗೊತ್ತಿತ್ತು. ಆದರೆ ಸುತ್ತ ಅಷ್ಟೂ ಮಕ್ಕಳು ಅವನದೇ ಮಾತನ್ನು ಅವನ ಮುಖಕ್ಕೆ ಹೇಳುತ್ತಿರುವಾಗ, ಕುದಿದೇ ಬಿಟ್ಟರೆ ಎಂಬ ಒಂದು ಅನುಮಾನ ಅವನ ಕೈ ಕಟ್ಟಿತು. ಅಷ್ಟರಲ್ಲಿ ಕೆಂಚಕ್ಕ ಕೊಬ್ಬರಿ ಎಣ್ಣೆ ತಂದು ಹುಯ್ದಾಗಿತ್ತು. ಪ್ರವೀಣಕುಮಾರ್ ಗೇಟು ಮುಚ್ಚಿಸುತ್ತಿದ್ದರು. "ಗದ್ದಲ ಮಾಡಬ್ಯಾಡ್ರಿ, ಊರು ಕೂಡತೈತಿ."

ಕ್ರಾಂತಿಯನ್ನು ಮಲಗಿಸಿಕೊಂಡು ಟಂಟಂ ಹೊರಟಾಗ ಪ್ರವೀಣಕುಮಾರ್ ಹಿಂದೆ ಓಡಿಬಂದರು. ಜೊತೆಗೆ ಬರುತ್ತಾರೇನೋ ಎಂದು ಭೀಮೇಶ್ ಸರಿದು ಜಾಗ ಮಾಡಿದ.

"ಫೋನು! ನನ್ನ ಫೋನು ಕೊಡ್ರಿ!"

ಹಡಗಲಿ ಮುಟ್ಟುವ ಮೊದಲೇ ಭೀಮೇಶನ ಸ್ವಂತ ಫೋನು ಗುಂಯ್ ಎಂದಿತು. ಶಾಲೆಯ ಗುಂಪಿಗೂ ಪ್ರವೀಣಕುಮಾರ್ ಫೋಟೊ ಹಾಕಿದ್ದರು. ಬೀಕರಿನ ಮೇಲೆ ಬಾಗಿದ ಹುಡುಗಿ, ಒಂದು ಕಣ್ಣು ಮುಚ್ಚಿದೆ, ಒಂದು ಕಣ್ಣು ಹೊಳೆಯುತ್ತಿದೆ. ಕೆಳಗೆ ಹೆಬ್ಬೆರಳುಗಳು, ಚಪ್ಪಾಳೆಗಳು. ಯಾರೋ 'ಅತ್ಯುತ್ತಮ ಚಟುವಟಿಕೆ' ಎಂದು ಬರೆದಿದ್ದರು. ಆ ಹುಡುಗಿ ಅವನ ತೊಡೆಯ ಮೇಲೆ ತಲೆಯಿಟ್ಟು ಹಲ್ಲು ಕಡಿಯುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಮಾಡಿದ್ದು ಒಂದೇ ಕೆಲಸ, ನೀರು ಹಾಕುವುದು. ಬಾಟಲಿ ಮೇಲೆ ಬಾಟಲಿ. ಹಾಕುತ್ತಲೇ ಕೇಳಿದರು, "ಅಲ್ಲಿ ತೊಳದ್ರಾ?"

"ಇಲ್ರಿ."

"ಯಾಕ? ನೀರು ಇರಲಿಲ್ಲಾ?"

ಉತ್ತರ ಕೊಟ್ಟವಳು ಮಂಚದ ಮೇಲಿದ್ದ ಕ್ರಾಂತಿ. "ನಾನ ಬ್ಯಾಡಂದೆ ರಿ. ಸುಣ್ಣಕ್ಕ ನೀರು ಹಾಕಬಾರದಲ್ರಿ. ಸರ್ ಹೇಳ್ಯಾರ."

ಡಾಕ್ಟರಮ್ಮ ಅವನ ಕಡೆ ತಿರುಗಿ ನೋಡಿದರು. ಬೈಯಲಿಲ್ಲ. "ಸುಣ್ಣ ಬಿದ್ದ ತಕ್ಷಣ ಒಂದು ಕೊಡ ನೀರು ಹಾಕಿದ್ರ ಸಾಕಿತ್ತು," ಎಂದರು ಅಷ್ಟೇ. ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯಲ್ಲಿ ಬಹಳ ದಿನ ನೋಡಿ, ಬಲಗಣ್ಣು ಇನ್ನು ಬರುವುದಿಲ್ಲ ಎಂದರು.

ಮಂಜಮ್ಮ ಶಾಲೆಗೆ ಬಂದದ್ದು ಆಮೇಲೆ. ಕೇರಿಯ ಹಿರಿಯರೂ ಬಂದರು. ಪ್ರವೀಣಕುಮಾರ್ ಎಲ್ಲರಿಗೂ ಕುರ್ಚಿ ಹಾಕಿಸಿ, ಚಹಾ ತರಿಸಿ, ಕಣ್ಣಿಗೆ ಪಟ್ಟಿ ಕಟ್ಟಿದ್ದ ಕ್ರಾಂತಿಯನ್ನು ಎದುರಿಗೆ ನಿಲ್ಲಿಸಿಕೊಂಡರು.

"ಸುಳ್ಳು ಬ್ಯಾಡ, ಹುಡುಗಿನ ಹೇಳಲಿ. ನೋಡವ್ವ, ನಾ ಕೇಳಿದ್ದಕ್ಕ ಒಂದ ವಾಕ್ಯದಾಗ ಉತ್ತರ ಹೇಳು. ಸುಣ್ಣ ಶಾಲೀಗೆ ತಂದವ್ರು ಯಾರು?"

"ಭೀಮೇಶ್ ಸರ್ ರಿ. ಆದ್ರ…"

"ಒಂದ ವಾಕ್ಯ ಅಂದೆ. ನೀರು ಹಾಕಾಕ ಬಂದಾಗ ಬ್ಯಾಡಂದವ್ರು ಯಾರು?"

"ನಾನು ರಿ."

"ಹಂಗ ಹೇಳು ಅಂತ ಕಲಿಸಿದವ್ರು ಯಾರು?"

ಕ್ರಾಂತಿ ಮೂಲೆಯಲ್ಲಿ ನಿಂತಿದ್ದ ಭೀಮೇಶನ ಕಡೆ ತಿರುಗಿದಳು. ಇದ್ದ ಒಂದು ಕಣ್ಣಿನಲ್ಲಿ ಅವನನ್ನು ಹುಡುಕಲು ಅವಳಿಗೆ ಇಡೀ ಕತ್ತು ತಿರುಗಿಸಬೇಕಾಯಿತು. "ಸರ್ ರಿ," ಎಂದಳು. "ಆದ್ರ ಸನೇಕ ಬಂದು ನೋಡು ಅಂದವ್ರು…"

"ಅದನ್ನ ಕೇಳಿಲ್ಲ. ಕೇಳಿದ್ದಕ್ಕಷ್ಟ ಉತ್ತರ. ಕುಂದ್ರು."

ಮೂರಕ್ಕೆ ಮೂರೂ ಸರಿ ಉತ್ತರಗಳು. ಭೀಮೇಶ್ ಬಾಯಿ ತೆರೆದ: "ಹರಳು ದೊಡ್ಡದು ಹಾಕಂದವ್ರು ನೀವ…" ಪ್ರವೀಣಕುಮಾರ್ ತಣ್ಣಗೆ ಹೇಳಿದರು, "ಗೆಸ್ಟು ನೀವು. ಸೋಮವಾರದಿಂದ ಬರಬ್ಯಾಡ್ರಿ. ಇನ್ನ ಮಾತಾಡಿದ್ರ ಪೊಲೀಸ್ರು ಬರ್ತಾರ, ಆಗ ಒಂದ ವಾಕ್ಯ ಸಾಲಂಗಿಲ್ಲ." ಹಿರಿಯರು ಅವರ ಮುಖ ನೋಡಿದರು, ಭೀಮೇಶನ ಮುಖ ನೋಡಿದರು. ಯಾರು ಆ ಊರಿನಲ್ಲಿ ಉಳಿಯುವವರು, ಯಾರು ನಾಳೆ ಹೋಗುವವರು ಎಂಬುದು ಅವರಿಗೆ ತಿಳಿಯದ್ದೇನಲ್ಲ.

ಏಳುವ ಮೊದಲು ಪ್ರವೀಣಕುಮಾರ್ ಮಂಜಮ್ಮನಿಗೆ ಒಂದು ಮಾತು ಕೊಟ್ಟರು. "ಕೆಂಚಕ್ಕಗ ವಯಸ್ಸಾತು. ಆಕಿ ಬಿಟ್ಟ ಮ್ಯಾಲೆ ಅಡಗಿ ಕೆಲಸ ನಿಮ್ಮ ಹುಡುಗಿಗೆ ಕೊಡಸ್ತೀನಿ. ಜೀವನಕ್ಕ ಆತಲ್ಲ." ಮಂಜಮ್ಮ ಕೈಮುಗಿದಳು.

ಕ್ರಾಂತಿ ಅದೇ ತರಗತಿಗೆ ಮರಳಿದಳು. ವಿಜ್ಞಾನಕ್ಕೆ ಬೇರೊಬ್ಬರು ಬಂದರು, ಪ್ರಯೋಗಗಳನ್ನು ಬೋರ್ಡಿನ ಮೇಲೆ ಬರೆಸಿದರು. ಬೀರುವಿಗೆ ಮತ್ತೆ ಬೀಗ ಬಿತ್ತು. ಹುಡುಗರು ಅವಳನ್ನು ಒಕ್ಕಣ್ಣಿ ಎಂದರು. ಬಲಗಡೆಯಿಂದ ಸದ್ದಿಲ್ಲದೆ ಬಂದು ಕಿವಿಯ ಬಳಿ ಚಪ್ಪಾಳೆ ತಟ್ಟಿ ಬೆಚ್ಚಿಬೀಳಿಸುವುದು ಅವರಿಗೊಂದು ಆಟವಾಯಿತು. ಮೊದಲು ಶುರು ಮಾಡಿದವನು ದುರುಗೇಶ. ಅಷ್ಟಾದರೂ ಅವಳು ಹತ್ತನೇ ತರಗತಿ ಪಾಸಾದಳು, ವಿಜ್ಞಾನದಲ್ಲಿ ಇಡೀ ಶಾಲೆಗೆ ಹೆಚ್ಚು ಅಂಕ ಪಡೆದು.

ಸುದ್ದಿ ಕೇಳಿದ ಭೀಮೇಶ್ ಮತ್ತೆ ಆ ಮನೆಗೆ ಹೋದ. ಹಡಗಲಿ ಕಾಲೇಜಿನಲ್ಲಿ ವಿಚಾರಿಸಿಕೊಂಡೇ ಬಂದಿದ್ದ. ಮಂಜಮ್ಮ ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಕೇಳಿದಳು.

"ಯಾತಕ್ಕ ಬಂದೀರಿ?"

"ಸೈನ್ಸಿಗೆ ಸೇರಿಸ್ತೀನಿ ಅಂದಿದ್ದೆ ಅಮ್ಮ."

"ಒಂದು ಕಣ್ಣು ನಿಮ್ಮ ಸೈನ್ಸಿಗೆ ಕೊಟ್ಟೇವಿ. ಇನ್ನೊಂದನ್ನರ ಬಿಡ್ರಿ ಸರ್."

ಒಳಗಿಂದ ಕ್ರಾಂತಿಯ ದನಿ ಬಂತು: "ಯವ್ವಾ, ಒಂದ ಮಾತು ಕೇಳಬೇ…" ಮಂಜಮ್ಮ ತಿರುಗದೆಯೇ ಕೈ ಹಿಂದಕ್ಕೆ ಚಾಚಿ ಬಾಗಿಲು ಎಳೆದುಕೊಂಡಳು. ಭೀಮೇಶ್ ಬಸ್ಸಿನ ದಾರಿ ಹಿಡಿದ.

ಕೆಲವು ವರ್ಷಗಳ ನಂತರ, ಹಿಂದಿನ ಸೇವೆಗೆ ಒಂದು ಪ್ರಮಾಣಪತ್ರ ಬೇಕಾಗಿ ಅವನು ಆ ಶಾಲೆಗೆ ಹೋಗಬೇಕಾಯಿತು. ಹರಪನಹಳ್ಳಿಯ ಟ್ಯೂಷನ್ ಒಂದರಲ್ಲಿ ಪಾಠ ಹೇಳುತ್ತಿದ್ದ ಕಾಲ ಅದು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಸುಣ್ಣದ ಚೂರು ಇರಲಿ, ನಿಂಬೆಹಣ್ಣನ್ನೂ ತರಗತಿಗೆ ಒಯ್ದವನಲ್ಲ. ಶಾಲೆಯ ಗೇಟಿಗೆ ದಾಖಲಾತಿಯ ಫ್ಲೆಕ್ಸ್ ಕಟ್ಟಿದ್ದರು. 'ಮಾಡಿ ಕಲಿ, ನೋಡಿ ನಲಿ.' ಕೆಳಗೆ ಅದೇ ಫೋಟೊ, ಆಳೆತ್ತರಕ್ಕೆ. ಒಂದು ಕಣ್ಣು ಮುಚ್ಚಿದೆ, ಒಂದು ಕಣ್ಣು ಹೊಳೆಯುತ್ತಿದೆ. ಬಿಸಿಲಿಗೆ ಬಣ್ಣ ಸ್ವಲ್ಪ ಹೋಗಿತ್ತು.

ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಏನೋ ಬೆರಳಿಗೆ ಸಿಕ್ಕಿತು. ಕಲ್ಲೋ, ಅಕ್ಕಿಯದೇ ಚೂರೋ ನೋಡಲು ಬೆಳಕಿಗೆ ಎತ್ತಿ, ಎಡಗಣ್ಣು ಗಟ್ಟಿಯಾಗಿ ಮುಚ್ಚಿದಳು. ಹಾಗೆಯೇ ಒಂದು ಗಳಿಗೆ ಕುಳಿತಳು, ಕತ್ತಲೆಯಲ್ಲಿ. ಆಮೇಲೆ ಎಡಗಣ್ಣು ತೆರೆದು, ಕಲ್ಲು ನೋಡಿ ಎಸೆದಳು.

"ಸರ್, ಎಷ್ಟೊತ್ತಾತ್ರಿ ಬಂದು?"

"ಈಗ ಬಂದೆ ಕ್ರಾಂತಿ. ಚೊಲೋ ಇದ್ದೀಯಾ?"

"ಇದೀನ್ರಿ." ಮೊರ ಕೊಡವಿದಳು. "ಮಕ್ಳು ಕೇಳ್ತಾವ್ರಿ, ಗೇಟಿನ ಮ್ಯಾಲಿರೋ ಅಕ್ಕ ಯಾರು ಅಂತ."

"ನೀ ಏನಂತಿ?"

"ಯಾರೋ ಬ್ಯಾರೆ ಸಾಲಿ ಹುಡುಗಿ ಇರಬೇಕು ಅಂತೀನ್ರಿ."

ಒಳಗೆ ಅನ್ನದ ನೀರು ಉಕ್ಕಿತು. ಅವಳು ಎದ್ದು ಹೋದಳು.

ಕ್ರಾಂತಿ ಈಗ ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ತಾಯಿಯ ಜೊತೆ ಮಲ್ಲಿಗೆ ಬಿಡಿಸಿ ಬಂದು, ಅಕ್ಕಿ ತೊಳೆದು, ಸಾರು ಮಾಡಿ, ಮಕ್ಕಳಿಗೆ ಬಡಿಸುತ್ತಾಳೆ. ಶನಿವಾರಗಳಂದು ಚಟುವಟಿಕೆ ಮುಗಿದ ಮೇಲೆ ಅಂಗಳ ಗುಡಿಸುವುದೂ ಅವಳದೇ ಕೆಲಸ.